ಆಳದ ನೀರಿನಲ್ಲಿ ಜೆಟ್ ಸ್ಕೀ ಹತ್ತುವ ವಿಜ್ಞಾನ

ಮಲ್ಪೆ, ಮುರ್ಡೇಶ್ವರದ ಕಡಲತೀರದಲ್ಲಿ ಪ್ರವಾಸಿಗರು ಹತ್ತುವ ಜೆಟ್ ಸ್ಕೀಗೆ ಸೀಟಿರುತ್ತದೆ. ನಿಂತ ನೀರಿನಲ್ಲೂ ಅದರ ಮೇಲೆ ಇಬ್ಬರು ಆರಾಮವಾಗಿ ಕೂರಬಹುದು. ಸೀಟೇ ಇಲ್ಲದ, ನಿಂತೇ ಓಡಿಸಬೇಕಾದ ಇನ್ನೊಂದು ಬಗೆಯದು ನಮ್ಮಲ್ಲಿ ಅಪರೂಪ. ಅದರ ಊರು ಅಮೆರಿಕ. ಮೋಟಾರ್‌ಸೈಕಲ್ ರೇಸಿನಿಂದ ಬಂದ ಕ್ಲೇಟನ್ ಜೇಕಬ್ಸನ್ 1960ರ ದಶಕದಲ್ಲಿ ಇದರ ಕಲ್ಪನೆಗೆ ರೂಪ ಕೊಟ್ಟ. 1973ರಲ್ಲಿ ಕವಾಸಾಕಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅರಿಜೋನಾದ ಮರುಭೂಮಿಯ ನಡುವೆ, ಕೊಲರಾಡೊ ನದಿಯ ಪಾರ್ಕರ್ ಅಣೆಕಟ್ಟೆಯಿಂದಾದ ಹ್ಯಾವಸು ಸರೋವರದಲ್ಲಿ ಇದರ ವಿಶ್ವಮಟ್ಟದ ಪಂದ್ಯಗಳು ದಶಕಗಟ್ಟಲೆ ನಡೆದಿವೆ.

ಈ ವಾಹನ ಕಲಿಯುವವರು ಸೋಲುವುದು ವೇಗದಲ್ಲಲ್ಲ, ತಿರುವಿನಲ್ಲೂ ಅಲ್ಲ. ಕಾಲಿಗೆ ನೆಲ ಸಿಗದಷ್ಟು ಆಳದಲ್ಲಿ ಬಿದ್ದ ಮೇಲೆ ಮತ್ತೆ ಹತ್ತುವುದರಲ್ಲಿ. ತೋಳಿನಲ್ಲಿ ಕಸುವಿರುವ ಯುವಕರೇ ಇಲ್ಲಿ ಬೇಗ ಸುಸ್ತಾಗುತ್ತಾರೆ. ಏಕೆಂದರೆ ಅವರು ಶಕ್ತಿಯಿಂದ ಮೇಲೇರಲು ನೋಡುತ್ತಾರೆ, ಭೌತವಿಜ್ಞಾನ ಅದಕ್ಕೆ ಒಪ್ಪುವುದಿಲ್ಲ.

ಸೊಂಟಮಟ್ಟದ ನೀರಿನಲ್ಲಿ ಹತ್ತುವಾಗ ನೀವು ನೆಲವನ್ನು ಒದೆಯುತ್ತೀರಿ, ನೆಲ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಆಳದಲ್ಲಿ ಒದೆಯಲು ಏನೂ ಇಲ್ಲ. ಕೈಗೆ ಸಿಗುವುದು ಜೆಟ್ ಸ್ಕೀಯ ಹಿಂಭಾಗದಲ್ಲಿ ಸವಾರ ನಿಲ್ಲುವ ಟ್ರೇ ಒಂದೇ. ಅದನ್ನು ಕೆಳಗೊತ್ತಿದರೆ ಅದೇ ಕೆಳಗಿಳಿಯುತ್ತದೆ. ಯಮಾಹಾದ ಹಳೆಯ ಸೂಪರ್‌ಜೆಟ್ ಮಾದರಿಯನ್ನೇ ನೋಡಿ: ಉದ್ದ 2.24 ಮೀಟರ್, ಅಗಲ ಬರೀ 68 ಸೆಂಟಿಮೀಟರ್, ತೂಕ 139 ಕೆ.ಜಿ. ಇಷ್ಟು ಚಿಕ್ಕ ಒಡಲು ತನ್ನನ್ನು ತಾನು ತೇಲಿಸಿಕೊಳ್ಳುತ್ತದೆ, ನಿಜ. ಆದರೆ ಹಿಂತುದಿಗೆ ಒಬ್ಬ ವಯಸ್ಕನ ಭಾರ ಬಿದ್ದರೆ ಟ್ರೇ ಮುಳುಗಿ ಮೂತಿ ಮೇಲೇಳುತ್ತದೆ.

ಈ ಭಾರ ಎಲ್ಲಿಂದ ಬರುತ್ತದೆ ಎಂಬುದನ್ನು ಬಾವಿಯಲ್ಲಿ ನೀರು ಸೇದಿದವರು ಬಲ್ಲರು. ಕೊಡ ನೀರೊಳಗಿರುವಷ್ಟು ಹೊತ್ತು ಹಗ್ಗಕ್ಕೆ ಭಾರವೇ ಇರುವುದಿಲ್ಲ, ನೀರಿನಿಂದ ಹೊರಬಂದ ಕ್ಷಣ ಕೈ ಜಗ್ಗುತ್ತದೆ. ನಮ್ಮ ದೇಹವೂ ಹಾಗೆಯೇ. 70 ಕೆ.ಜಿ. ತೂಗುವವರು ಕುತ್ತಿಗೆವರೆಗೆ ನೀರಿನಲ್ಲಿದ್ದಾಗ ಹೆಚ್ಚುಕಡಿಮೆ ತೂಕವಿಲ್ಲದವರು. ತಲೆ, ತೋಳು, ಎದೆ, ಹೊಟ್ಟೆಯನ್ನು ಟ್ರೇ ಮೇಲೆ ಎಳೆದುಕೊಂಡರೆ ಒಮ್ಮೆಲೇ 40 ಕೆ.ಜಿ.ಗೂ ಹೆಚ್ಚಿನ ಭಾರ ಅದರ ಮೇಲೆ ಬೀಳುತ್ತದೆ. ನೀರಿನಿಂದ ಹೊರಬಂದ ಪ್ರತಿ ಅಂಗವೂ ತನ್ನ ಪೂರ್ತಿ ತೂಕವನ್ನು ಮರಳಿ ಪಡೆಯುತ್ತದೆ. ಆದ್ದರಿಂದ ಹತ್ತುವುದನ್ನು ನಿಧಾನಿಸಿ, ಭಾರ ಹೊರಲು ಬೇರೊಂದು ಬಲ ಹುಟ್ಟುವವರೆಗೆ ಕಾಯಬೇಕು. ಕಲಿಸುವವರು ಮೊದಲು ಹೇಳಬೇಕಾದ ಮಾತು ಇದು ಎಂದು ನನ್ನ ಅಭಿಪ್ರಾಯ.

ಆ ಬಲ ಕೊಡುವುದು ವೇಗ. ಎಂಜಿನ್ ತಿರುಗಿಸುವ ಇಂಪೆಲ್ಲರ್ ತಳದ ಜಾಲರಿಯ ಮೂಲಕ ನೀರು ಹೀರಿ, ಕಿರಿದಾದ ನಾಜಲ್‌ನಿಂದ ರಭಸವಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ, ವಾಹನ ಮುಂದಕ್ಕೆ. ಸ್ವಲ್ಪ ಚಲಿಸಿದೊಡನೆ ತಳವು ಎದುರಾದ ನೀರನ್ನು ಕೆಳಕ್ಕೊತ್ತತೊಡಗುತ್ತದೆ, ಪ್ರತಿಯಾಗಿ ನೀರು ಅದನ್ನು ಮೇಲಕ್ಕೆತ್ತುತ್ತದೆ. ತಳದ ಓರೆ ಅಷ್ಟೇ ಇದ್ದರೆ, ವೇಗ ಎರಡು ಪಟ್ಟಾದಾಗ ಈ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ನಿಂತ ನೀರು ಹೊರಲಾರದ ಭಾರವನ್ನು ಓಡುವ ತಳದಡಿಯ ನೀರು ಹೊರುತ್ತದೆ.

ನಡುವೆ ಒಂದು ಕಷ್ಟದ ಘಟ್ಟವಿದೆ. ಚಲಿಸುವ ಯಾವ ದೋಣಿಯಾದರೂ ತನ್ನ ಜೊತೆಗೇ ಅಲೆ ಎಬ್ಬಿಸಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಮೇಲೆ ಹೇಳಿದ ಸೂಪರ್‌ಜೆಟ್‌ನಷ್ಟು ಉದ್ದದ ಒಡಲಿಗೆ ಗಂಟೆಗೆ ಸುಮಾರು 7 ಕಿ.ಮೀ. ವೇಗದಲ್ಲಿ ಅಲೆಯ ಉದ್ದ ಒಡಲಿನ ಉದ್ದಕ್ಕೆ ಸರಿಸಮವಾಗುತ್ತದೆ. ಅದಕ್ಕಿಂತ ಮುಂದೆ ಹೋದರೆ ಹಿಂಭಾಗ ಅಲೆಯ ತಗ್ಗಿಗಿಳಿದು, ಮೂತಿ ತಾನೇ ಎಬ್ಬಿಸಿದ ಏರನ್ನು ಹತ್ತಬೇಕಾಗುತ್ತದೆ. ಹೊಸಬರು ಎದ್ದು ನಿಲ್ಲಲು ಆತುರಪಡುವುದು ಸರಿಯಾಗಿ ಇಲ್ಲೇ. ಎದ್ದಾಗ ಅವರ ಭಾರ ಹಿಂದಕ್ಕೆ ವಾಲುತ್ತದೆ, ಹಿಂಭಾಗ ಇನ್ನೂ ಇಳಿಯುತ್ತದೆ, ವೇಗ ಸಾಯುತ್ತದೆ. ಮಂಡಿಯೂರಿಕೊಂಡೇ ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ ಭಾರ ಮುಂದೆ ತಂದರೆ ಮೂತಿ ಇಳಿದು ಏರು ದಾಟುತ್ತದೆ. ಆಮೇಲೆ ವಾಹನ ನೀರನ್ನು ಸೀಳುವ ಬದಲು ಅದರ ಮೇಲೆ ಜಾರತೊಡಗುತ್ತದೆ.

ಈ ವಾಹನ ಅಕ್ಕಪಕ್ಕಕ್ಕೆ ಅಲುಗಾಡುವುದಕ್ಕೆ ಕಾರಣ ಬೇರೆ. ನಿಂತ ನೀರಿನಲ್ಲಿ ದೋಣಿ ಪಕ್ಕಕ್ಕೆ ಮಗುಚದಂತೆ ತಡೆಯುವ ಗುಣ ಅದರ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದ, ಭಾರ ಒಂದೇ ಇದ್ದರೆ, 120 ಸೆಂಟಿಮೀಟರ್ ಅಗಲದ ಕೂರುವ ಜೆಟ್ ಸ್ಕೀಗೆ 68 ಸೆಂಟಿಮೀಟರಿನದ್ದಕ್ಕಿಂತ ಈ ಗುಣ ಐದು ಪಟ್ಟಿಗೂ ಹೆಚ್ಚು. ಇಂಥ ಕಿರಿದಾದ ಒಡಲಿನ ಮೇಲೆ ಮನುಷ್ಯ ಎದ್ದು ನಿಂತು ಗುರುತ್ವಕೇಂದ್ರವನ್ನೂ ಎತ್ತರಿಸಿದರೆ ಉರುಳದೆ ಇನ್ನೇನು? ಓಡತೊಡಗಿದ ಮೇಲೆ ತಳದ ಒತ್ತಡ ಅದನ್ನು ನೇರವಾಗಿಡಲು ನೆರವಾಗುತ್ತದೆ.

ಈಗ ಕೈಕಾಲಿನ ಕೆಲಸ. ಹಿಂದಿನಿಂದ ಈಜಿ ಬಂದು, ಎಂಜಿನ್ ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಕಟ್ಟಿರುವುದನ್ನು ಖಚಿತಪಡಿಸಿಕೊಳ್ಳಿ. ಹ್ಯಾಂಡಲ್‌ನ ಕಂಬ ಮೂತಿಯ ಬಳಿ ಕೀಲಿನಿಂದ ಕೂಡಿಕೊಂಡಿದ್ದು, ಮೇಲೆ ಕೆಳಗೆ ಆಡುತ್ತದೆ. ಅದನ್ನು ಕೆಳಗಿಳಿಸಿ ಎರಡೂ ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಟ್ರೇಯ ಎರಡೂ ಅಂಚಿನ ಮೇಲೆ ಊರಿ. ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ. ಕಾಲುಗಳು ನೇತಾಡುತ್ತಿದ್ದರೆ ನೀರು ಅವನ್ನು ಹಿಂದಕ್ಕೆಳೆಯುತ್ತದೆ, ಈ ಎಳೆತವೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಮ್ಮೆಲೇ ಪೂರ್ತಿ ಒತ್ತಿದವರ ಕೈಯಿಂದ ಹ್ಯಾಂಡಲ್ ಕಿತ್ತುಹೋಗುವುದು ಇದಕ್ಕೇ. ಮೆಲ್ಲನೆ ಸಾಗುತ್ತಿದ್ದರೆ ಕಾಲುಗಳು ತಾವಾಗಿ ಮೇಲ್ಮಟ್ಟಕ್ಕೆ ತೇಲಿಬರುತ್ತವೆ. ಆಗ ಒಂದು ಮಂಡಿ ಟ್ರೇಯೊಳಗೆ, ಅದು ಕೂತ ಮೇಲೆ ಇನ್ನೊಂದು. ಕಣ್ಣು ದೂರಕ್ಕಿರಲಿ. ವಾಹನ ಜಾರತೊಡಗಿದ ಮೇಲಷ್ಟೇ ಒಂದೊಂದೇ ಪಾದ ಊರಿ ಏಳಿ.

ಹತ್ತುವಾಗ ನಿಮ್ಮ ದೇಹ ನಾಜಲ್‌ಗೆ ತೀರಾ ಹತ್ತಿರದಲ್ಲಿರುತ್ತದೆ ಎಂಬುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿಂದ ಚಿಮ್ಮುವ ನೀರು ದೇಹದ ಕೆಳಭಾಗದ ರಂಧ್ರಗಳ ಮೂಲಕ ಒಳನುಗ್ಗಿ ಒಳಾಂಗಗಳಿಗೆ ಗಂಭೀರ ಗಾಯ ಮಾಡಬಲ್ಲದು. ಸಾಮಾನ್ಯ ಈಜುಡುಗೆ ಇದನ್ನು ತಡೆಯುವುದಿಲ್ಲ. ದಪ್ಪ ರಬ್ಬರಿನ ವೆಟ್‌ಸೂಟ್ ತೊಡಬೇಕೆಂದು ತಯಾರಕರು ಎಚ್ಚರಿಸುವುದು ಅದಕ್ಕಾಗಿ. ಉದ್ದ ಕೂದಲು, ಸಡಿಲ ಬಟ್ಟೆ, ದಾರಗಳು ತಳದ ಜಾಲರಿಯ ಬಳಿ ಸುಳಿಯಬಾರದು. ವಾಹನ ಮಗುಚಿದ್ದರೆ, ಹಿಂಭಾಗದಲ್ಲಿ ಅಂಟಿಸಿರುವ ಬಾಣದ ದಿಕ್ಕಿಗೇ ತಿರುಗಿಸಬೇಕು. ವಿರುದ್ಧ ದಿಕ್ಕಿಗೆ ಉರುಳಿಸಿದರೆ ಹೊಗೆಕೊಳವೆಯ ನೀರು ಎಂಜಿನ್ನಿನೊಳಗೆ ಹೋಗಬಹುದು. ಕೆಲವು ಬಾರಿ ಸೋತು ಏದುಸಿರು ಬಂದರೆ ಲೈಫ್ ಜಾಕೆಟ್ಟಿನ ಮೇಲೆ ಭಾರ ಬಿಟ್ಟು ಸುಮ್ಮನೆ ತೇಲಿ. ದಣಿದ ತೋಳಿನಿಂದ ಮಾಡುವ ಮುಂದಿನ ಪ್ರಯತ್ನ ಹಿಂದಿನದಕ್ಕಿಂತ ಕೆಟ್ಟದಾಗಿಯೇ ಇರುತ್ತದೆ.

ಎದ್ದು ನಿಂತ ಮೇಲೂ ಒಂದು ಅಪಾಯ ಕಾದಿರುತ್ತದೆ. ಎದುರಿಗೆ ಏನಾದರೂ ಬಂದಾಗ ಹೆದರಿದ ಕೈ ಆಕ್ಸಿಲರೇಟರ್ ಬಿಟ್ಟುಬಿಡುತ್ತದೆ. ರಸ್ತೆಯಲ್ಲಿ ಅದು ಸರಿ. ಇಲ್ಲಿ ದಿಕ್ಕು ಬದಲಾಗುವುದು ನಾಜಲ್‌ನಿಂದ ಚಿಮ್ಮುವ ನೀರು ಓರೆಯಾದಾಗ ಮಾತ್ರ. ನೀರು ಚಿಮ್ಮದಿದ್ದರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ವಾಹನ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ. ಆದ್ದರಿಂದ ಮೊದಲ ಸಲ ಎದ್ದು ನಿಲ್ಲುವ ಜಾಗದ ಸುತ್ತ ಈಜುಗಾರರು, ದೋಣಿಗಳು, ಬಂಡೆಗಳು ಇರಕೂಡದು. ಆಕ್ಸಿಲರೇಟರ್ ಒತ್ತಿಹಿಡಿದೇ ತಿರುಗುವುದನ್ನು ಅಲ್ಲಿಯೇ, ಮಂಡಿಯೂರಿದ ಸ್ಥಿತಿಯಲ್ಲೇ ಅಭ್ಯಾಸ ಮಾಡಬೇಕು.