ಹಳೆಯ ಕಂಪ್ಯೂಟರಿಗೆ ಯಾವ ಓಎಸ್?

2025ರ ಅಕ್ಟೋಬರ್ 14ರಂದು ವಿಜಯಪುರದ ಯಾವ ಮನೆಯ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಗಾಂಧಿ ಚೌಕದ ಆಸುಪಾಸಿನ ಝೆರಾಕ್ಸ್ ಅಂಗಡಿಗಳಲ್ಲಿ ಪ್ರಿಂಟರುಗಳು ಎಂದಿನಂತೆ ಓಡಿದವು. ಟಿಕೋಟಾದ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಮಕ್ಕಳು ಎಂದಿನಂತೆ ಯೂಟ್ಯೂಬ್ ಪಾಠ ನೋಡಿದರು. ಕಣ್ಣಿಗೆ ಕಾಣುವ ಬದಲಾವಣೆ ಏನೂ ಇರಲಿಲ್ಲ. ಆದರೆ 2015ರ ಜುಲೈನಲ್ಲಿ ಬಂದಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತ ಬಂದ ಭದ್ರತಾ ತಿದ್ದುಪಡಿಗಳು ಅಂದಿಗೆ ಮುಗಿದವು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಒಂದು ಹೆಚ್ಚುವರಿ ಅವಧಿ ಸಿಗುತ್ತದೆ, ಅಷ್ಟೇ.

ವಿಂಡೋಸ್ 11 ಹಾಕಿಸೋಣವೆಂದರೆ ಹಳೆಯ ಯಂತ್ರಗಳು ಅದರ ಅಳತೆಗೆ ಹೊಂದುವುದಿಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ; ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು ಕೇಳುತ್ತದೆ. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಕೂರಿಸಿಕೊಡುವವರು ಇದ್ದಾರೆ. ಹಾಗೆ ಕೂರಿಸಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ಬರುತ್ತವೆಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. ಇನ್ನೂ ಹಳೆಯ ಕೋರ್ 2 ಡ್ಯೂಯೊ ಯಂತ್ರಗಳಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಶುರುವೇ ಆಗದು. ಅದಕ್ಕೆ ಬೇಕಾದ ಪಾಪ್‌ಕೌಂಟ್ ಎಂಬ ಆದೇಶ ಆ ಪ್ರೊಸೆಸರುಗಳಲ್ಲಿ ಇಲ್ಲ.

"ಹಂಗಾರ ಇದನ್ನ ಮೋಡಕಾಕ್ಕ ಹಾಕೂದ ಏನ್ರಿ?" ಎಂದು ಬಬಲೇಶ್ವರದ ಪರಿಚಿತ ರೈತರೊಬ್ಬರು ಕೇಳಿದರು. ಗುಜರಿಗೆ ಹಾಕಬೇಡಿ ಎಂಬುದೇ ನನ್ನ ಉತ್ತರ. ಆ ಉತ್ತರ ಅವರೊಬ್ಬರಿಗಷ್ಟೇ ಅಲ್ಲ, 2010ರ ನಂತರ ಕೊಂಡ ಕಂಪ್ಯೂಟರ್ ಇರುವ ಬಹುತೇಕ ಎಲ್ಲ ಮನೆಗಳಿಗೂ ಸಲ್ಲುತ್ತದೆ. ಯಾಕೆಂದು ತಿಳಿಯಬೇಕಾದರೆ ಯಂತ್ರದ ಒಳಗೆ ನಿಜವಾಗಿ ಮುಪ್ಪಾಗಿರುವುದು ಯಾವ ಭಾಗ ಎಂಬುದನ್ನು ನೋಡಬೇಕು.

ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್, ಮಾಡುವ ಕೆಲಸ ಹಂಚಿಕೆಯದು. ಒಂದೇ ಬೋರ್‌ವೆಲ್ಲಿನ ನೀರನ್ನು ಅಣ್ಣತಮ್ಮಂದಿರ ಹೊಲಗಳಿಗೆ ಪಾಳಿಯ ಮೇಲೆ ಬಿಡುವಂತೆ, ಪ್ರೊಸೆಸರಿನ ಸಮಯವನ್ನು ಅದು ಬ್ರೌಸರಿಗೆ ಇಷ್ಟು, ಪ್ರಿಂಟರಿಗೆ ಇಷ್ಟು, ಗಡಿಯಾರಕ್ಕೆ ಇಷ್ಟು ಎಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳ ಲೆಕ್ಕದಲ್ಲಿ ಬಿಡುತ್ತದೆ. ರ‍್ಯಾಮ್‌ನಲ್ಲಿ ಯಾರಿಗೆ ಎಷ್ಟು ಜಾಗ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಈ ಜಾಗವನ್ನು 4096 ಬೈಟುಗಳ ಪುಟಗಳಾಗಿ ಹಂಚಲಾಗುತ್ತದೆ. ರ‍್ಯಾಮ್ ತುಂಬಿದಾಗ ಸದ್ಯಕ್ಕೆ ಬೇಡದ ಪುಟಗಳನ್ನು ಓಎಸ್ ಹಾರ್ಡ್‌ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಹಳೆಯ ಕಂಪ್ಯೂಟರ್ ಏದುಸಿರು ಬಿಡುವುದು ಈ ಸಾಗಾಟದಲ್ಲಿ.

ಆ ರೈತರ ಮನೆಯ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು. ಅದರ ಕೆಳಗಿನ ಸಾಲಿನಲ್ಲಿ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿತ್ತು. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್‌ಡಿಸ್ಕ್. ಇಂಥ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಹೊತ್ತ ತೋಳು ಆ ಜಾಗಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡು. ಕೂಡಿಸಿದರೆ ಚದುರಿ ಬಿದ್ದಿರುವ ಮಾಹಿತಿಯನ್ನು ಇದು ಸೆಕೆಂಡಿಗೆ ಎಂಬತ್ತು ಕಡೆಗಳಿಂದ ಹೆಕ್ಕಿ ತಂದರೆ ಹೆಚ್ಚು. ಹಾರ್ಡ್‌ಡಿಸ್ಕಿನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಸರಿಯುವ ತೋಳು ಇಲ್ಲ. ಅಲ್ಲಿ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಆದ್ದರಿಂದ ಓಎಸ್ ಬದಲಿಸುವ ಮಾತಿಗೆ ಮೊದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. 4 ಜಿಬಿ ರ‍್ಯಾಮ್ ಇದ್ದು ಮದರ್‌ಬೋರ್ಡಿನಲ್ಲಿ ಇನ್ನೊಂದು ಕಂಡಿ ಖಾಲಿ ಇದ್ದರೆ ಮತ್ತೊಂದು 4 ಜಿಬಿ ಸೇರಿಸಿ. ಅಲ್ಲಿಗೆ ಅರ್ಧ ಕಾಯಿಲೆ ವಾಸಿಯಾದಂತೆ.

ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದಾಗ ಒಳಗೆ ಇನ್ನೊಂದು ಕಾರಣ ಕಂಡಿತು. ಡೋಣಿ ಸೀಮೆಯ ಎರೆಮಣ್ಣಿನ ಧೂಳು ಫ್ಯಾನಿನ ಕೆಳಗಿನ ಲೋಹದ ಪಟ್ಟಿಗಳ ನಡುವೆ ಕಂಬಳಿಯ ಹಾಗೆ ಕೂತುಬಿಟ್ಟಿತ್ತು. ಪ್ರೊಸೆಸರ್ ವಿಪರೀತ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹೊರಗಿನ ಗಾಳಿಯೇ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಬ್ರಷ್ಷು ಮತ್ತು ಬ್ಲೋವರ್ ಮಾಡುವ ಈ ಕೆಲಸವನ್ನು ಯಾವ ಓಎಸ್ಸೂ ಮಾಡಲಾರದು.

ಇಷ್ಟಾದ ಮೇಲೆ ಹಳೆಯ ವಿಂಡೋಸ್ ಅನ್ನೇ ಇಟ್ಟುಕೊಂಡರೆ ಏನಾಗುತ್ತದೆ? ಇಂಟರ್ನೆಟ್ ಇಲ್ಲದಿದ್ದರೆ ಹೆಚ್ಚೇನೂ ಆಗದು. ಇಂಟರ್ನೆಟ್ ಇದ್ದರೆ ಮಾತೇ ಬೇರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿಕೊಂಡ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಿಡುಗಡೆಯಾಗಿತ್ತು. ಸಿಕ್ಕಿಬಿದ್ದವರು ಆ ತೇಪೆ ಹಾಕಿಕೊಳ್ಳದಿದ್ದವರು. ತೇಪೆ ಬರುವುದೇ ನಿಂತ ವ್ಯವಸ್ಥೆಯಲ್ಲಿ ಹಾಕಿಕೊಳ್ಳಲು ಏನೂ ಇರುವುದಿಲ್ಲ. ಬ್ರೌಸರುಗಳೂ ಒಂದೊಂದಾಗಿ ಕೈಬಿಡುತ್ತವೆ. 2023ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 110 ವಿಂಡೋಸ್ 7ರಲ್ಲಿ ಕೂರುವುದಿಲ್ಲ. ಫೋನ್ ಬಿಟ್ಟು ಕಂಪ್ಯೂಟರಿನಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಹಗುರವಾಗಿ ಎಣಿಸಬಾರದು.

ಉಳಿಯುವ ದಾರಿ ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಇದರ ತಿರುಳೇ ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ತಿರುಳು ಒಂದೇ ಆದರೂ ಅದರ ಸುತ್ತ ಕಟ್ಟಿದ ಆವೃತ್ತಿಗಳು ಹಲವು, ಜನ ಗೊಂದಲಗೊಳ್ಳುವುದೂ ಅಲ್ಲೇ. ಆರಿಸುವಾಗ ನೋಡಬೇಕಾದದ್ದು ಎರಡೇ: ರ‍್ಯಾಮ್ ಎಷ್ಟು, ಪ್ರೊಸೆಸರ್ 64 ಬಿಟ್‌ನದೋ ಅಲ್ಲವೋ. 64 ಬಿಟ್ ಯಂತ್ರ, 4 ಜಿಬಿ ರ‍್ಯಾಮ್ ಇದ್ದರೆ ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಮುಖವಿರುವ ಆವೃತ್ತಿ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಒಟ್ಟು ನೋಟ ವಿಂಡೋಸ್ 7 ಬಳಸಿದವರಿಗೆ ಅಪರಿಚಿತವೆನಿಸದು. ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. 2 ಜಿಬಿ ಮಾತ್ರ ಇದ್ದರೆ ಲುಬುಂಟು ಅಥವಾ ಆ್ಯಂಟಿಎಕ್ಸ್ ನೋಡಬಹುದು. ಆದರೆ ಒಂದು ಮಾತು ನೆನಪಿರಲಿ: ಓಎಸ್ ಎಷ್ಟೇ ಹಗುರವಾಗಿದ್ದರೂ ಬ್ರೌಸರಿನಲ್ಲಿ ತೆರೆದ ಒಂದೊಂದು ಟ್ಯಾಬೂ ನೂರಾರು ಎಂಬಿ ನುಂಗುತ್ತದೆ. 2 ಜಿಬಿಯಲ್ಲಿ ಹತ್ತು ಟ್ಯಾಬ್ ತೆರೆಯುವ ಆಸೆ ಬಿಡಬೇಕು.

32 ಬಿಟ್ ಯಂತ್ರಗಳ ಕಾಲ ನಿಜಕ್ಕೂ ಮುಗಿಯುತ್ತ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಆವೃತ್ತಿ, ಅವುಗಳಿಗಾಗಿ ಬೇರೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಅವನ್ನು ಇಂಟರ್ನೆಟ್ಟಿಗೆ ಜೋಡಿಸದೆ, ಹಳೆಯ ಹಾಡು ಕೇಳಲೋ ಮಕ್ಕಳಿಗೆ ಟೈಪಿಂಗ್ ಕಲಿಸಲೋ ಇಟ್ಟುಕೊಳ್ಳಬಹುದು.

ನಮ್ಮ ಕಡೆ ಓಎಸ್ ಬದಲಿಸಲು ಹಿಂಜರಿಯುವವರ ನಿಜವಾದ ಆತಂಕ ಕನ್ನಡದ್ದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ ಎಲ್ಲವೂ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಆಗಿ ವರ್ಷಗಟ್ಟಲೆ ಡಿಸ್ಕಿನಲ್ಲಿ ಕೂತಿವೆ. ಇವುಗಳಲ್ಲಿ ಹೆಚ್ಚಿನವು ಹಳೆಯ ಆಸ್ಕಿ ಪದ್ಧತಿಯ ಕಡತಗಳು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ, ನೋಡಿದವರು ಕಡತವೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಹಾಳಾಗಿರುವುದಿಲ್ಲ. ಹಳೆಯ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಲಿನಕ್ಸಿನಲ್ಲಿ ಸ್ಥಾಪಿಸಿದರೆ ಲಿಬ್ರೆಆಫೀಸ್‌ನಲ್ಲಿ ಅಕ್ಷರಗಳು ಮತ್ತೆ ಮೂಡುತ್ತವೆ. ಇನ್ನೂ ಒಳ್ಳೆಯದು, ಅವನ್ನು ಯೂನಿಕೋಡಿಗೆ ಪರಿವರ್ತಿಸಿಬಿಡುವುದು. ಅದಕ್ಕೆ ಉಚಿತ ಪರಿವರ್ತಕಗಳೇ ಇವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳ ಜಾಗವಿದೆ; ಅಲ್ಲಿ ಬರೆದದ್ದು ಫೋನು, ವಿಂಡೋಸ್, ಲಿನಕ್ಸ್ ಎಲ್ಲ ಕಡೆಯೂ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ.

ಹೊಸದಾಗಿ ಟೈಪ್ ಮಾಡಲು ಲಿನಕ್ಸಿನ ಐಬಸ್ ಎಂಬ ಸೌಲಭ್ಯದೊಳಗೆ ಕೆಜಿಪಿ ವಿನ್ಯಾಸವಿದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಈ ವಿನ್ಯಾಸದ ಬೇರು ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿದೆ. ನುಡಿಗೆ ಪಳಗಿದ ಬೆರಳುಗಳು ಇಲ್ಲಿ ತಡಕಾಡಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಕನ್ನಡ ಫಾಂಟುಗಳನ್ನು ಡೆಬಿಯನ್ ಭಂಡಾರದಿಂದಲೇ ಇಳಿಸಿಕೊಳ್ಳಬಹುದು. ಕನ್ನಡಕ್ಕಾಗಿ ದುಡಿದ ಈ ಜನರ ಶ್ರಮ ಬಿಡಿಗಾಸೂ ಕೇಳದೆ ನಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ. ಬಳಸುವುದೊಂದೇ ನಾವು ಮಾಡಬೇಕಾದದ್ದು.

ಇದು ಮಕ್ಕಳಿಗೆ ಕಷ್ಟವಾದೀತೇ ಎಂಬ ಅಂಜಿಕೆಗೆ ಕಾಸರಗೋಡು ಉತ್ತರ ಕೊಡುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ವರ್ಷಗಳಿಂದ ಲಿನಕ್ಸಿನಲ್ಲೇ ನಡೆಯುತ್ತಿವೆ. 2019ರಲ್ಲಿ ಅಲ್ಲಿನ ಕೈಟ್ ಸಂಸ್ಥೆ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ಹೊಸ ಆವೃತ್ತಿಯನ್ನು ಸಿದ್ಧಪಡಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯಲ್ಲಿವೆ. ಅಲ್ಲಿನ ಕನ್ನಡದ ಮಕ್ಕಳು ಕಲಿಯುವುದನ್ನು ಟಿಕೋಟಾದ ಮಕ್ಕಳು ಕಲಿಯಲಾರರೇ?

ಆದರೂ ಎಲ್ಲರೂ ಲಿನಕ್ಸಿಗೆ ಬರಲೇಬೇಕೆಂದು ನಾನು ಹೇಳಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಒಣದ್ರಾಕ್ಷಿ ವ್ಯಾಪಾರಿ ವಿಂಡೋಸ್ ಬಿಡಲಾರರು. ಆ ತಂತ್ರಾಂಶ ವಿಂಡೋಸಿಗಾಗಿಯೇ ಇರುವುದು. ಪೇಜ್‌ಮೇಕರ್, ಕೋರೆಲ್‌ಡ್ರಾ ನೆಚ್ಚಿಕೊಂಡ ಡಿಟಿಪಿ ಅಂಗಡಿಯವರದೂ ಇದೇ ಪಾಡು. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು ತಮ್ಮ ಸಾಧನದ ತಂತ್ರಾಂಶ ಯಾವುದಕ್ಕೆ ಇದೆ ಎಂದು ಮೊದಲು ವಿಚಾರಿಸಬೇಕು. ಪ್ರಿಂಟರುಗಳ ಕಡೆಗೂ ಗಮನವಿರಲಿ. ಎಷ್ಟೋ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900, ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುವುದರಿಂದ ಲಿನಕ್ಸಿನಲ್ಲಿ ಅದನ್ನು ನಡೆಸಲು ಹೆಣಗಬೇಕು. ಎಚ್‌ಪಿ ಲೇಸರ್‌ಜೆಟ್ 1020 ಪ್ರತಿ ಸಲ ಸ್ವಿಚ್ ಹಾಕಿದಾಗಲೂ ತನ್ನ ಒಳತಂತ್ರಾಂಶವನ್ನು ಕಂಪ್ಯೂಟರಿನಿಂದಲೇ ಪಡೆಯುವ ಯಂತ್ರ. ಎಚ್‌ಪಿಯ ಪ್ಲಗಿನ್ ಒಮ್ಮೆ ಹಾಕಿದರೆ ಅದು ಲಿನಕ್ಸಿನಲ್ಲೂ ಕೆಲಸ ಮಾಡುತ್ತದೆ.

ಇದನ್ನೆಲ್ಲ ಊಹಿಸುತ್ತ ಕೂರಬೇಕಿಲ್ಲ. ಲಿನಕ್ಸಿನ ದೊಡ್ಡ ಅನುಕೂಲವೆಂದರೆ ಸ್ಥಾಪಿಸದೆಯೇ ನಡೆಸಿ ನೋಡಬಹುದು. 8 ಜಿಬಿಯ ಪೆನ್‌ಡ್ರೈವ್ ಮೇಲೆ ಮಿಂಟ್ ಬರೆದು, ಕಂಪ್ಯೂಟರ್ ಚಾಲೂ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿದರೆ, ಇಡೀ ವ್ಯವಸ್ಥೆ ರ‍್ಯಾಮ್ ಮತ್ತು ಪೆನ್‌ಡ್ರೈವ್ ಮೇಲೆಯೇ ನಡೆಯುತ್ತದೆ. ನೀವಾಗಿ ಕೈ ಹಾಕದ ಹೊರತು ಹಾರ್ಡ್‌ಡಿಸ್ಕಿನ ಒಂದಕ್ಷರವೂ ಅಲುಗುವುದಿಲ್ಲ. ಬಬಲೇಶ್ವರದ ಮನೆಯಲ್ಲಿ ಮಾಡಿದ್ದೂ ಅದನ್ನೇ: ವೈಫೈ ಸಿಕ್ಕಿತೇ, ಧ್ವನಿ ಬಂತೇ, ಪಹಣಿ ಪ್ರಿಂಟ್ ಆಯಿತೇ ಎಂದು ಒಂದೊಂದಾಗಿ ನೋಡಿದೆವು. ಆಮೇಲೆ ಹಳೆಯ ಡಿಸ್ಕನ್ನು ಬಿಚ್ಚಿ, ವಿಂಡೋಸ್ ಮತ್ತು ಮಗಳ ಮದುವೆಯ ಫೋಟೊಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆವು. ಹೊಸ ಎಸ್‌ಎಸ್‌ಡಿಯ ಮೇಲೆ ಮಿಂಟ್ ಕೂರಿಸಿದೆವು. ಬೇಡವೆನಿಸಿದರೆ ಹಳೆಯದನ್ನು ಮತ್ತೆ ಜೋಡಿಸಿದರಾಯಿತು. ಒಂದೇ ಡಿಸ್ಕಿನಲ್ಲಿ ಎರಡೂ ಓಎಸ್ ಇಡಲು ಹೋಗಿ ಫೋಟೊ ಕಳೆದುಕೊಳ್ಳುವ ಅಪಾಯ ಈ ದಾರಿಯಲ್ಲಿ ಇಲ್ಲ. ಕರೆಂಟ್ ಕೈಕೊಡುವುದಿದ್ದರೆ, ಸಾಧ್ಯವಾದರೆ ಯುಪಿಎಸ್ ಇರಲಿ. ಬರೆಯುವ ಮುನ್ನವೇ ಬದಲಾವಣೆಯ ಟಿಪ್ಪಣಿ ಇಟ್ಟುಕೊಳ್ಳುವ ಗುಣ ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆಗೂ ವಿಂಡೋಸಿನ ಎನ್‌ಟಿಎಫ್‌ಎಸ್‌ಗೂ ಇದೆ, ಹೀಗಾಗಿ ಕರೆಂಟ್ ಹೋದಾಗ ಡಿಸ್ಕಿನ ಒಳರಚನೆ ಸಾಮಾನ್ಯವಾಗಿ ಉಳಿಯುತ್ತದೆ. ನೀವು ಸೇವ್ ಮಾಡದ ಪುಟ ಮಾತ್ರ ಉಳಿಯದು.

ವಿಜಯಪುರದ ಕಂಪ್ಯೂಟರ್ ರಿಪೇರಿ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಗಿರಾಕಿ ಹಳೆಯ ಯಂತ್ರ ತಂದು "ಫಾರ್ಮ್ಯಾಟ್ ಹೊಡದ ಕೊಡ್ರಿ" ಎಂದಾಗ ಕ್ರ್ಯಾಕ್ ಮಾಡಿದ ವಿಂಡೋಸ್ ತುಂಬಿ ಕಳಿಸಬೇಡಿ. ಆ ಕ್ರ್ಯಾಕ್ ಪ್ರೋಗ್ರಾಂಗಳ ಜೊತೆಗೇ ವೈರಸ್ ಒಳಬರುವುದು ನಿಮಗೂ ಗೊತ್ತಿರುವ ಸಂಗತಿ. ಅಂಗಡಿಯ ಡ್ರಾಯರಿನಲ್ಲಿ ಮಿಂಟ್ ಬರೆದ ಒಂದು ಪೆನ್‌ಡ್ರೈವ್ ಇಟ್ಟುಕೊಂಡು, ಗಿರಾಕಿಯ ಕಣ್ಣೆದುರೇ ಹತ್ತು ನಿಮಿಷ ನಡೆಸಿ ತೋರಿಸಿ, ಏನು ಮಾಡಬೇಕೆಂದು ಅವರನ್ನೇ ಕೇಳಿ.