ಗಗನಚುಕ್ಕಿಯ ಬಂಡೆ ಕೊರೆದವರಾರು?

ಮಳವಳ್ಳಿ: ಗಗನಚುಕ್ಕಿಗೆ ಬರುವವರ ಕಣ್ಣು ಧುಮ್ಮಿಕ್ಕುವ ನೀರಿನ ಮೇಲೆಯೇ ನೆಟ್ಟಿರುತ್ತದೆ. ನೀರು ಇಳಿದಾಗ ಕಾವೇರಿಯ ಪಾತ್ರವನ್ನು ಗಮನಿಸಿದರೆ ಮತ್ತೊಂದು ಸೋಜಿಗ ಕಾಣುತ್ತದೆ. ಗಟ್ಟಿ ಬಂಡೆಯಲ್ಲಿ ಒರಳಿನಂತೆ ದುಂಡಗೆ ಕೊರೆದ ಗುಳಿಗಳವು.

ಇಲ್ಲಿನ ತಳಬಂಡೆ ಸುಮಾರು 250 ಕೋಟಿ ವರ್ಷ ಹಾಗೂ ಅದಕ್ಕೂ ಹಿಂದಿನದು. ಬರಿಯ ನೀರು ಅದನ್ನು ಸುಲಭವಾಗಿ ಸವೆಸಲಾರದು. ಸವೆಸುವುದು ನೀರು ಹೊತ್ತು ತರುವ ಮರಳು ಮತ್ತು ಉರುಟುಗಲ್ಲು. ಪ್ರವಾಹದ ಸುಳಿಗೆ ಸಿಕ್ಕ ಕಲ್ಲು ಸಣ್ಣ ತಗ್ಗಿನಲ್ಲೇ ಸುತ್ತುತ್ತಾ, ಗುಂಡುಕಲ್ಲು ಒರಳನ್ನು ಸವೆಸುವಂತೆ ಬಂಡೆಯನ್ನು ಅರೆಯುತ್ತದೆ. ಬಿರುಕುಬಿಟ್ಟ ಕಡೆ ಪ್ರವಾಹವು ಬಂಡೆಯ ತುಂಡುಗಳನ್ನೇ ಕಿತ್ತೊಯ್ಯುತ್ತದೆ.

ಹಿಮಾಲಯದ ಗಂಗೋತ್ರಿಯಂತಹ ಹಿಮನದಿಗಳೂ ಮಾಡುವುದು ಇದೇ ಎರಡು ಕೆಲಸ: ಉಜ್ಜುವುದು, ಕೀಳುವುದು. ಆದರೆ ಹಿಮವು ಕಲ್ಲನ್ನು ತನ್ನ ತಳದಲ್ಲಿ ಬಿಗಿಹಿಡಿದು ಎಳೆಯುವುದರಿಂದ ಅಲ್ಲಿ ಮೂಡುವುದು ನೇರ ಗೀರುಗಳು. ಕಣಿವೆಯೂ ಅಗಲವಾದ ತೊಟ್ಟಿಯಂತಾಗುತ್ತದೆ. ಇಲ್ಲಿ ನೀರು ಸುಳಿಯುವುದರಿಂದ ಮೂಡುವುದು ದುಂಡನೆಯ ಗುಳಿ.

ಮದ್ದೂರನ್ನು ಹಾದುಬರುವ ಶಿಂಷಾ ನದಿಯೂ ಮಳವಳ್ಳಿ ತಾಲ್ಲೂಕಿನಲ್ಲಿ ಬಂಡೆಗಳ ನಡುವೆ ಧುಮುಕಿ ಕಾವೇರಿಯನ್ನು ಸೇರುತ್ತದೆ. ಶಿವನಸಮುದ್ರದ ಇಳಿಜಾರನ್ನೇ ಬಳಸಿಕೊಂಡು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒದಗಿಸಲಾಯಿತು.

ಆದರೆ ಈ ಕೆತ್ತನೆ ಅಪಾಯಕಾರಿಯೂ ಹೌದು. ಮೊಣಕಾಲುದ್ದದ ನೀರಿನಲ್ಲಿ ಮುಂದಿನ ಹೆಜ್ಜೆಗೇ ಆಳವಾದ ಗುಳಿ ಇರಬಹುದು. ಪಾಚಿಗಟ್ಟಿದ ನುಣುಪು ಬಂಡೆಯಲ್ಲಿ ಕಾಲು ನಿಲ್ಲದು. ಮುತ್ತತ್ತಿಯಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ನದಿಯ ಕೆತ್ತನೆಯನ್ನು ದಡದಿಂದಲೇ ನೋಡುವುದು ಕ್ಷೇಮ.