ಬೇಳೆ ಬೇಯದ ನೀರು

ನಮ್ಮ ಕಡೆ ತೊಗರಿಬೇಳೆ ಬೇಯದಿದ್ದರೆ ಮೊದಲು ಅಂಗಡಿಯವನನ್ನು ಬಯ್ಯುವರು, ಅನಂತರ ಸೊಸೆಯನ್ನು. ತಪ್ಪು ಬಹುಮಟ್ಟಿಗೆ ನೀರಿನದು.

ಪಾವಗಡ ಸೀಮೆಯ ನಮ್ಮ ಹಳ್ಳಿಯಲ್ಲಿ ತೋಡುಬಾವಿ ಬತ್ತಿ ಕೊಳವೆಬಾವಿ ಬಂದ ಮೇಲೆ ಈ ತೊಂದರೆ ಹೆಚ್ಚಿತು. ನೆಲದೊಳಗೆ ಇಳಿಯುವ ಮಳೆಯ ನೀರು ಕಲ್ಲುಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದು. ಈ ಕ್ಯಾಲ್ಸಿಯಂ ಬೇಳೆಯ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ನಿಗೆ ಅಂಟಿ ಅದನ್ನು ಬಿಗಿಗೊಳಿಸುವುದು. ಸಾಬೂನಿನೊಡನೆ ಸೇರಿದರೆ ನೊರೆಗೆ ಬದಲು ಜಿಗುಟಾದ ಗಷ್ಟಾಗುವುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದರೂ ಬೇಳೆಗೆಂದು ಸೂರಿನ ಮಳೆನೀರನ್ನು ಹಿಡಿದಿಡುವುದನ್ನು ಅಮ್ಮನಿಗೆ ಯಾವ ಪುಸ್ತಕವೂ ಕಲಿಸಲಿಲ್ಲ.

ಗಡಸುತನ ಎರಡು ಬಗೆ. ಯಾವುದೆಂದು ತಿಳಿಯಲು ಮೂರು ಬಾಟಲಿಗಳಲ್ಲಿ ಮಳೆಯ ನೀರು, ಕೊಳವೆಬಾವಿಯ ನೀರು, ಅದನ್ನೇ ಕುದಿಸಿ ಆರಿಸಿ ಬಗ್ಗಿಸಿದ ತಿಳಿನೀರು, ಇವನ್ನು ಸಮನಾಗಿ ತುಂಬಿರಿ. ಕರಗಿಸಿದ ಸಾಬೂನನ್ನು ತೊಟ್ಟುತೊಟ್ಟಾಗಿ ಹಾಕಿ ಕುಲುಕಿ, ನೊರೆ ನಿಲ್ಲಲು ಎಷ್ಟು ತೊಟ್ಟು ಬೇಕಾಯಿತೆಂದು ಎಣಿಸಿರಿ. (ಬಟ್ಟೆ ಒಗೆಯುವ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುವುದು.) ಕುದಿಸಿದ ನೀರು ಮಳೆಯ ನೀರಿನ ಹತ್ತಿರ ಬಂದರೆ ಗಡಸುತನ ತಾತ್ಕಾಲಿಕ, ಕುದಿಸದ ನೀರಿನಷ್ಟೇ ಸಾಬೂನು ಬೇಡಿದರೆ ಶಾಶ್ವತ. ನಮ್ಮ ಮನೆಯದು ಎರಡರ ನಡುವೆ ನಿಂತಿತು.

ತಾತ್ಕಾಲಿಕವಾದುದು ಬೈಕಾರ್ಬೊನೇಟಿನಿಂದ ಬಂದದ್ದು. ಕಾಯಿಸಿದಾಗ ಅದು ಒಡೆದು ಬಿಳಿಯ ಪದರವಾಗಿ ಹಂಡೆಯ ತಳಕ್ಕೆ ಕೂರುವುದು. ಹುಣಿಸೆಯ ಹುಳಿಯಲ್ಲಿ ನೆನೆಸಿ ಉಜ್ಜಿದರೆ ಬಿಡುವುದು. ಹಾಗೆಯೇ ಬಿಟ್ಟರೆ ಶಾಖವನ್ನು ತಡೆದು ಸೌದೆ ತಿನ್ನುವುದು. ಅಬರ್ಡೀನಿನ ರಸಾಯನಶಾಸ್ತ್ರಜ್ಞ ತಾಮಸ್ ಕ್ಲಾರ್ಕನು ಸುಣ್ಣದಿಂದಲೇ ಈ ಸುಣ್ಣವನ್ನು ತೆಗೆಯುವ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದನು. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ! ಪ್ರಮಾಣ ತಪ್ಪಿದರೆ ನೀರು ಇನ್ನಷ್ಟು ಕೆಡುವುದರಿಂದ ಮನೆಯಲ್ಲಿ ಇದು ಬೇಡ. ಶಾಶ್ವತ ಗಡಸುತನವುಳ್ಳ ನೀರಿಗೆ ಬಟ್ಟೆ ಒಗೆಯುವಾಗ ವಾಷಿಂಗ್ ಸೋಡ ಸಾಕು. ಬೇಳೆಗೆ ಚಿಟಿಕೆ ಅಡುಗೆ ಸೋಡ ಹಾಕಿದರೆ ಮೆತ್ತಗಾಗುವುದು ನಿಜ, ಆದರೆ ಬಿ ಜೀವಸತ್ವವು ನಷ್ಟವಾಗುವುದು.

ಗಡಸು ನೀರು ರುಚಿಗೂ ಜೇಬಿಗೂ ತೊಂದರೆ, ಅಷ್ಟೇ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನಕವು ಬೇರೆ ನೀರು ದೊರೆಯದ ಕಡೆ ಲೀಟರಿಗೆ 600 ಮಿಲಿಗ್ರಾಂ ಗಡಸುತನವನ್ನೂ ಸಹಿಸುತ್ತದೆ. ಅದೇ ಮಾನಕ ಫ್ಲೋರೈಡಿಗೆ 1.5 ಮಿಲಿಗ್ರಾಂ ದಾಟಲು ಬಿಡುವುದಿಲ್ಲ. ನಮ್ಮ ಸೀಮೆಯ ನಿಜವಾದ ಶತ್ರು ಇದು: ಹಲ್ಲಿಗೆ ಕಂದುಕಲೆ ತರುವುದು, ಕಾಲಕ್ರಮದಲ್ಲಿ ಮೂಳೆಯನ್ನು ಸೆಡೆಯಿಸುವುದು. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಗಟ್ಟಿಯಾಗುವುದು. ಉಪ್ಪು ಹಾಕಿ ನಡೆಸುವ, ನೀರನ್ನು ಮೆದುಗೊಳಿಸುವ ಯಂತ್ರವೂ ಇದನ್ನು ಮುಟ್ಟದು. ನೊರೆ ಚೆನ್ನಾಗಿ ಬಂದಿತೆಂದು ನೀರನ್ನು ನಂಬಲಾಗದು, ಪ್ರಯೋಗಾಲಯಕ್ಕೇ ಕಳುಹಿಸಬೇಕು.

ಶುದ್ಧ ನೀರಿನ ಘಟಕದಿಂದ ಕುಡಿಯಲು ಮಾತ್ರ ಕ್ಯಾನು ತಂದು, ಸಾರಿಗೂ ಮುದ್ದೆಗೂ ಕೊಳವೆಬಾವಿಯ ನೀರನ್ನೇ ಸುರಿಯುವ ಮನೆಗಳು ನಮ್ಮೂರಿನಲ್ಲಿ ಹಲವು. ಎಸರಿಗೆ ಇಟ್ಟ ನೀರೂ ಹೊಟ್ಟೆಗೇ ಹೋಗುವುದು. ಘಟಕದ ನೀರಿನಲ್ಲಿ ಬೇಳೆಯೂ ಬೇಗ ಬೇಯುವುದು.